ಫೋನ್ ಕಳೆದುಹೋದರೆ ಮೊದಲು ಏನು, ಆಮೇಲೆ ಏನು? ಲಾಕ್‌ನಿಂದ ಸಿಇಐಆರ್ ಬ್ಲಾಕ್‌ವರೆಗೆ ಸಮಗ್ರ ಮಾರ್ಗದರ್ಶಿ

ಫೋನ್ ಕಳೆದುಕೊಂಡವರು ಸಹಾಯ ಕೇಳಿಕೊಂಡು ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಮೂರೇ. ‘ಫಾರ್ಮ್ ತುಂಬಿದೆ, ಒಟಿಪಿನೇ ಬರ್ತಿಲ್ಲ.’ ‘ಐಎಂಇಐ ತಪ್ಪು ಅಂತ ತೋರಿಸ್ತಿದೆ.’ ‘ಫೋನಿನಲ್ಲಿದ್ದದ್ದೆಲ್ಲ ಅಳಿಸಿಬಿಟ್ಟೆ, ಈಗ ಮ್ಯಾಪ್‌ನಲ್ಲಿ ಕಾಣಿಸ್ತಾನೇ ಇಲ್ಲ.’ ಇವರಲ್ಲಿ ಯಾರೂ ದಡ್ಡರಲ್ಲ. ಮಾಡಬೇಕಾದ ಕೆಲಸವನ್ನೇ ಮಾಡಿದ್ದಾರೆ, ಸರದಿ ಮಾತ್ರ ತಪ್ಪಿದೆ. ಆಮೇಲೆ ಮಾಡಬೇಕಾದ್ದನ್ನು ಮೊದಲೇ ಮಾಡಿದ್ದಾರೆ, ಇಲ್ಲವೇ ಕೈಯಲ್ಲಿ ಇರಬೇಕಾದ್ದು ಇಲ್ಲದೆ ಹೊರಟಿದ್ದಾರೆ. ಆದ್ದರಿಂದ ಇಲ್ಲಿ ಹೇಳಿರುವ ಹಂತಗಳನ್ನು ದಯವಿಟ್ಟು ಹಿಂದೆಮುಂದೆ ಮಾಡಬೇಡಿ.

## ಶುರು ಮಾಡುವ ಮುಂಚೆ: ಹುಡುಕುವುದು ಬೇರೆ, ಬ್ಲಾಕ್ ಮಾಡುವುದು ಬೇರೆ

ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದ. ಮ್ಯಾಪ್‌ನಲ್ಲಿ ಫೋನ್ ಎಲ್ಲಿದೆ ಎಂದು ನೀವೇ ನೋಡುವುದು ಗೂಗಲ್‌ನ ಫೈಂಡ್ ಹಬ್‌ನಲ್ಲಿ. ಮೊದಲು ಇದಕ್ಕೆ ಫೈಂಡ್ ಮೈ ಡಿವೈಸ್ ಎಂಬ ಹೆಸರಿತ್ತು. ಐಫೋನ್ ಆದರೆ ಆಪಲ್‌ನ ಫೈಂಡ್ ಮೈ. ಇವೆರಡೂ ಕೆಲಸ ಮಾಡುವುದು ನಿಮ್ಮ ಜಿಮೇಲ್ ಅಥವಾ ಆಪಲ್ ಖಾತೆಯ ಬಲದ ಮೇಲೆ.

ಸಿಇಐಆರ್ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವ್ಯವಸ್ಥೆ. ಇದು 2023ರ ಮೇ ತಿಂಗಳಿಂದ ಸಂಚಾರ್ ಸಾಥಿ ಜಾಲತಾಣದ ಮೂಲಕ ದೇಶದ ಎಲ್ಲ ಕಡೆ ಸಿಗುತ್ತಿದೆ. ಇದು ನೋಡುವುದು ಫೋನಿನ ಐಎಂಇಐ ನಂಬರ್ ಒಂದನ್ನೇ, ಅಂದರೆ ಪ್ರತಿ ಫೋನಿಗೂ ಇರುವ 15 ಅಂಕಿಯ ಗುರುತಿನ ಸಂಖ್ಯೆಯನ್ನು. ಆ ನಂಬರನ್ನು ಕಪ್ಪುಪಟ್ಟಿಗೆ ಸೇರಿಸಿದರೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನ್‌ಗೆ ನೆಟ್‌ವರ್ಕ್ ಸಿಗುವುದಿಲ್ಲ. ಯಾರಾದರೂ ಸಿಮ್ ಹಾಕಿ ನೋಡಿದರೆ ಆ ಸುದ್ದಿ ಪೊಲೀಸರಿಗೆ ಹೋಗುತ್ತದೆ. ಸಿಇಐಆರ್‌ನಲ್ಲಿ ನಿಮಗೆ ಮ್ಯಾಪ್ ಕಾಣುವುದಿಲ್ಲ. ‘ಬ್ಲಾಕ್ ಮಾಡಿದೆ, ಲೊಕೇಶನ್ ಎಲ್ಲಿ?’ ಎಂದು ಕೇಳುವವರು ಜಾಸ್ತಿ, ಅದಕ್ಕೇ ಮೊದಲೇ ಹೇಳಿದೆ.

ಇನ್ನೊಂದು ಭಯವೂ ಇದೆ. ‘ಬ್ಲಾಕ್ ಮಾಡಿದರೆ ಪೊಲೀಸರಿಗೂ ಫೋನ್ ಸಿಗಲ್ಲ ಅಲ್ವಾ?’ ಇಲ್ಲ. ಬ್ಲಾಕ್ ಆದ ಮೇಲೂ ಪೊಲೀಸರು ಅದನ್ನು ಪತ್ತೆ ಮಾಡಬಹುದು.

## ಕೈಯಲ್ಲಿ ಏನೇನಿರಬೇಕು

ನಂಬಿಕಸ್ತರ ಒಂದು ಫೋನ್ ಅಥವಾ ಲ್ಯಾಪ್‌ಟಾಪ್. ನಿಮ್ಮ ಜಿಮೇಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್. ಫೋನಿನ ಡಬ್ಬ ಅಥವಾ ಬಿಲ್. ಆಧಾರ್‌ನಂಥ ಒಂದು ಗುರುತಿನ ಚೀಟಿ. ಒಂದು ಪೆನ್ನು, ಹಾಳೆ. ಹಾಳೆ ಯಾಕೆ ಅಂದರೆ ಯಾವ ಕೆಲಸವನ್ನು ಎಷ್ಟು ಗಂಟೆಗೆ ಮಾಡಿದಿರಿ, ಯಾವ ದೂರಿನ ನಂಬರ್ ಕೊಟ್ಟರು ಎಂದು ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನವರು, ಪೊಲೀಸರು ಎಲ್ಲರೂ ಆಮೇಲೆ ಇದನ್ನೇ ಕೇಳುತ್ತಾರೆ. ಫೋನ್ ಹೋದ ಗಾಬರಿಯಲ್ಲಿ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

## ಹಂತ 1: ಮೊದಲ ಹತ್ತು ನಿಮಿಷ – ರಿಂಗ್, ಮ್ಯಾಪ್, ಲಾಕ್

ಮೊದಲು ನಿಮ್ಮ ನಂಬರ್‌ಗೆ ಕರೆ ಮಾಡಿ. ಆಟೊದಲ್ಲೋ ಹೋಟೆಲ್ ಟೇಬಲ್ ಮೇಲೋ ಬಿಟ್ಟು ಬಂದ ಫೋನ್ ಎಷ್ಟೋ ಸಲ ಈ ಕರೆಯಲ್ಲೇ ಸಿಗುತ್ತದೆ. ಯಾರಾದರೂ ಎತ್ತಿದರೆ ರೇಗಬೇಡಿ. ಜನ ಓಡಾಡುವ ಒಂದು ಜಾಗ ಹೇಳಿ, ಅಲ್ಲಿಗೇ ಹೋಗಿ ತೆಗೆದುಕೊಳ್ಳಿ.

ರಿಂಗ್ ಆಗಿ ಆಗಿ ನಿಂತರೆ, ಇಲ್ಲವೇ ಸ್ವಿಚ್ ಆಫ್ ಬಂದರೆ, ಬೇರೆ ಫೋನಿನಲ್ಲಿ ಫೈಂಡ್ ಹಬ್ ತೆರೆಯಿರಿ. ಆ ಆ್ಯಪ್‌ನಲ್ಲಿ ಅತಿಥಿಯಾಗಿ ಒಳಹೋಗುವ ಅವಕಾಶವಿದೆ, ಹಾಗಾಗಿ ಗೆಳೆಯರ ಫೋನಿನಲ್ಲಿ ನಿಮ್ಮ ಖಾತೆ ಉಳಿದುಬಿಡುವ ಚಿಂತೆ ಇಲ್ಲ. ಒಳಗೆ ಹೋದ ಮೇಲೆ ಮೂರು ಆಯ್ಕೆ ಕಾಣುತ್ತವೆ.

ಶಬ್ದ ಮಾಡಿಸುವುದು: ಫೋನ್ ಸೈಲೆಂಟ್‌ನಲ್ಲಿದ್ದರೂ ಐದು ನಿಮಿಷ ಜೋರಾಗಿ ಬಡಿದುಕೊಳ್ಳುತ್ತದೆ. ಮನೆಯಲ್ಲೋ ಆಫೀಸಿನಲ್ಲೋ ಬಿದ್ದಿರಬಹುದು ಅನ್ನಿಸಿದರೆ ಮಾತ್ರ ಇದನ್ನು ಒತ್ತಿ. ಕಳ್ಳನ ಜೇಬಿನಲ್ಲಿದ್ದರೆ ಸುಮ್ನೆ ಅವನನ್ನು ಎಚ್ಚರಿಸಿದ ಹಾಗಾಗುತ್ತದೆ.

ಲಾಕ್ ಮಾಡುವುದು: ಇದನ್ನು ಎಲ್ಲರೂ ಮಾಡಲೇಬೇಕು. ಪರದೆಯ ಮೇಲೆ ಒಂದು ಸಂದೇಶ ಮತ್ತು ವಾಪಸ್ ಕರೆ ಮಾಡಲು ಒಂದು ನಂಬರ್ ಬರೆಯಬಹುದು. ಮನೆಯವರ ನಂಬರ್ ಕೊಡಿ. ಕಳೆದುಹೋದ ಫೋನಿನ ನಂಬರನ್ನೇ ಬರೆದವರನ್ನೂ ನೋಡಿದ್ದೇನೆ.

ಎಲ್ಲ ಅಳಿಸುವುದು: ಇದನ್ನು ಈಗ ಮುಟ್ಟಲೇಬೇಡಿ. ಅಳಿಸಿದ ಮೇಲೆ ಫೋನ್ ನಿಮ್ಮ ಖಾತೆಯಿಂದ ಕಳಚಿಕೊಳ್ಳುತ್ತದೆ, ಮ್ಯಾಪ್‌ನಲ್ಲಿ ಮತ್ತೆ ಕಾಣುವುದಿಲ್ಲ. ಫೋನ್ ಸಿಗುವ ಆಸೆ ಪೂರ್ತಿ ಬಿಟ್ಟ ದಿನ ಇದನ್ನು ಒತ್ತಿ. ಸ್ಕ್ರೀನ್ ಲಾಕೇ ಹಾಕಿರದ, ಒಳಗೆ ಬಹಳ ಖಾಸಗಿ ದಾಖಲೆಗಳಿರುವ ಫೋನ್ ಆದರೆ ಮಾತ್ರ ಬೇಗ ಯೋಚಿಸಬಹುದು.

ಇಲ್ಲಿ ಎಡವುವುದು ಎಲ್ಲಿ? ಬೇರೆ ಫೋನಿನಿಂದ ಜಿಮೇಲ್‌ಗೆ ಹೋದರೆ, ‘ನಿಮ್ಮ ಫೋನಿನಲ್ಲಿ ಹೌದು ಒತ್ತಿ’ ಎಂದು ಗೂಗಲ್ ಕೇಳಬಹುದು. ಆ ಫೋನೇ ಹೋಗಿದೆಯಲ್ಲ! ಅಂಥ ಹೊತ್ತಿಗೆ ಮೂರು ದಾರಿ ಇವೆ. ನಿಮ್ಮ ಖಾತೆ ಮೊದಲೇ ತೆರೆದಿರುವ ಲ್ಯಾಪ್‌ಟಾಪ್, ಗೂಗಲ್ ಕೊಟ್ಟಾಗ ಮೊದಲೇ ಬರೆದಿಟ್ಟ ಬ್ಯಾಕಪ್ ಕೋಡ್ (ಫೋನ್ ಇಲ್ಲದಾಗ ಖಾತೆಗೆ ಹೋಗಲು ಬಳಸುವ ಸಂಖ್ಯೆ), ಅಥವಾ ಡೂಪ್ಲಿಕೇಟ್ ಸಿಮ್ ಬರುವವರೆಗೆ ಕಾಯುವುದು. ಐಫೋನಿನವರಿಗೆ ಈ ಕಷ್ಟ ಇಲ್ಲ. ಐಕ್ಲೌಡ್‌ನ ಫೈಂಡ್ ಪುಟ ಪಾಸ್‌ವರ್ಡ್ ಕೊಟ್ಟರೆ ಸಾಕು, ಕೋಡ್ ಇಲ್ಲದೆ ತೆರೆಯುತ್ತದೆ. ಅಲ್ಲಿ ಲಾಸ್ಟ್ ಮೋಡ್ ಹಾಕಿ, ಅದು ಫೋನನ್ನು ಲಾಕ್ ಮಾಡಿ ಪರದೆಯ ಮೇಲೆ ನಿಮ್ಮ ಸಂದೇಶ, ನಂಬರ್ ತೋರಿಸುತ್ತದೆ. ಆದರೆ ಐಫೋನನ್ನು ಆ ಪಟ್ಟಿಯಿಂದ ತೆಗೆದುಹಾಕಬೇಡಿ. ತೆಗೆದರೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ಬೇರೆಯವರು ಆ ಫೋನ್ ಬಳಸದಂತೆ ತಡೆಯುವ ಆ್ಯಕ್ಟಿವೇಶನ್ ಲಾಕ್ ಹೋಗುತ್ತದೆ, ಕಳ್ಳ ಆರಾಮಾಗಿ ಮಾರಿಕೊಳ್ಳುತ್ತಾನೆ.

ಮ್ಯಾಪ್‌ನಲ್ಲಿ ಚುಕ್ಕೆ ಕಂಡರೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಸಮಯ ಬರೆದುಕೊಳ್ಳಿ. ಗುರುತಿಲ್ಲದ ಕಡೆ ಒಬ್ಬರೇ ಹೋಗಬೇಡಿ. ಆ ಚುಕ್ಕೆ ನೂರಾರು ಅಡಿ ಆಚೀಚೆ ಇರಬಹುದು. ವಠಾರದಲ್ಲೋ ಅಪಾರ್ಟ್‌ಮೆಂಟಿನಲ್ಲೋ ಎಷ್ಟನೇ ಮಹಡಿ ಎಂದು ಅದು ಹೇಳುವುದಿಲ್ಲ. ತಪ್ಪು ಮನೆಯ ಬಾಗಿಲು ಬಡಿದು ಜಗಳವಾದರೆ ಫೋನಿಗಿಂತ ದೊಡ್ಡ ತಲೆನೋವು. ಫೋನ್ ಕಣ್ಣೆದುರಿಗೇ ಕಿತ್ತುಕೊಂಡು ಹೋಗಿದ್ದರೆ ಮೊದಲು 112ಕ್ಕೆ ಕರೆ ಮಾಡಿ.

## ಹಂತ 2: ಸಿಮ್ ನಿಲ್ಲಿಸಿ, ದುಡ್ಡು ಕಾಪಾಡಿ

‘ಸಿಮ್ ಚಾಲೂ ಇದ್ದರೆ ತಾನೇ ಫೋನ್ ಸಿಗೋದು, ಎರಡು ದಿನ ಬಿಡೋಣ’ ಎಂದು ಬಹಳ ಜನ ಕಾಯುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಸಿಮ್ ನಿಲ್ಲಿಸಿದರೆ ಫೋನಿಗೆ ಇಂಟರ್‌ನೆಟ್ ಹೋಗುತ್ತದೆ, ಆಗ ಮ್ಯಾಪ್‌ನಲ್ಲಿ ಕಾಣುವುದು ಕಷ್ಟ. ಆದರೂ ನನ್ನ ಲೆಕ್ಕ ಹೀಗೆ: ಎಲ್ಲೋ ಬಿಟ್ಟು ಬಂದಿದ್ದೀರಿ ಅನ್ನಿಸಿದರೆ ಅರ್ಧ ಗಂಟೆ ಹುಡುಕಿ. ಕಳ್ಳತನ ಎಂದು ಅನುಮಾನ ಬಂದರೆ ಐದು ನಿಮಿಷವೂ ಕಾಯಬೇಡಿ. ಫೋನ್ ಹೋದರೆ ಒಂದು ಫೋನಿನ ಬೆಲೆ ಹೋಯಿತು. ಖಾತೆ ಖಾಲಿಯಾದರೆ ಎಷ್ಟು ಹೋಗುತ್ತದೆ ಎಂದು ನಿಮಗೇ ಗೊತ್ತು.

ಯಾಕೆ ಇಷ್ಟು ಅವಸರ? ಫೋನಿಗೆ ಬೆರಳಚ್ಚು, ಪಿನ್ ಎಲ್ಲ ಹಾಕಿರುತ್ತೀರಿ, ಸರಿ. ಆದರೆ ಕಳ್ಳ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಆ ಲಾಕ್ ಯಾವ ಕೆಲಸಕ್ಕೂ ಬಾರದು. ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಯುಪಿಐ ಪಿನ್ ಹೊಸದಾಗಿ ಮಾಡಲು ಏನು ಬೇಕು ನೋಡಿ: ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು, ಒಂದು ಒಟಿಪಿ. ಈಗ ಹೇಳಿ, ಫೋನ್ ಕವರಿನ ಹಿಂದೆ ಎಟಿಎಂ ಕಾರ್ಡ್ ಸಿಕ್ಕಿಸಿಕೊಂಡು ಓಡಾಡುವವರು ನಮ್ಮಲ್ಲಿ ಎಷ್ಟು ಜನ? ಬೀಗದ ಜೊತೆಗೇ ಕೀಲಿಕೈ ಕೊಟ್ಟಂತೆ.

ಸರದಿ ಹೀಗಿರಲಿ:

1. ಅದೇ ಕಂಪನಿಯ ಬೇರೆ ಸಿಮ್‌ನಿಂದ 198ಕ್ಕೆ ಕರೆ ಮಾಡಿ, ಸಿಮ್ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಿ. ಹೆಸರು, ಹುಟ್ಟಿದ ದಿನಾಂಕ, ವಿಳಾಸ ಕೇಳುತ್ತಾರೆ. ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ವಿವರ ಬೇಕು. ಎರಡು ಸಿಮ್ ಇದ್ದರೆ ಎರಡನ್ನೂ ನಿಲ್ಲಿಸಿ. ರೀಚಾರ್ಜ್ ಮಾಡದೆ ಬಿಟ್ಟ ಎರಡನೇ ಸಿಮ್ಮೇ ಎಷ್ಟೋ ಸಲ ಬ್ಯಾಂಕಿಗೆ ಜೋಡಿಸಿರುತ್ತದೆ.

2. ಬ್ಯಾಂಕಿಗೆ ಕರೆ ಮಾಡಿ. ‘ಕಾರ್ಡ್ ಬ್ಲಾಕ್ ಮಾಡಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯುಪಿಐ, ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್ ಮೂರನ್ನೂ ಹೆಸರು ಹಿಡಿದು ಹೇಳಿ ನಿಲ್ಲಿಸಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

3. ದುಡ್ಡು ಆಗಲೇ ಹೋಗಿದ್ದರೆ ಮಿಕ್ಕದ್ದೆಲ್ಲ ಬದಿಗಿಟ್ಟು 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ. ಮೊತ್ತ, ಸಮಯ, ವಹಿವಾಟಿನ ನಂಬರ್ ಕೇಳುತ್ತಾರೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವ ಮುಂಚೆ ತಡೆಯುವುದೇ ಇವರ ಕೆಲಸ. ಹಾಗಾಗಿ ನಾಳೆ ಬೆಳಿಗ್ಗೆ ಮಾಡಿದರೆ ಆದೀತು ಅನ್ನುವ ಕೆಲಸ ಅಲ್ಲ ಇದು.

4. ಜಿಮೇಲ್ ಪಾಸ್‌ವರ್ಡ್ ಬದಲಿಸಿ. ಆದರೆ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಆಯ್ಕೆಯಲ್ಲಿ ಕಳೆದ ಫೋನನ್ನು ಹೊರಹಾಕುವ ಮುಂಚೆ ಯೋಚಿಸಿ. ಅದರ ಖಾತೆ ತೆಗೆದರೆ ಮ್ಯಾಪ್‌ನಲ್ಲಿ ಹುಡುಕುವ ದಾರಿಯೂ ಮುಚ್ಚುತ್ತದೆ.

ಇ–ಸಿಮ್ ಇದ್ದವರಿಗೆ ಒಂದು ಅನುಕೂಲ ಇದೆ, ಅದನ್ನು ಕಿತ್ತು ಬೇರೆ ಫೋನಿಗೆ ಹಾಕಲು ಆಗುವುದಿಲ್ಲ. ಆದರೂ ನಿಲ್ಲಿಸಿ.

## ಹಂತ 3: ಐಎಂಇಐ ನಂಬರ್ ಪತ್ತೆ ಹಚ್ಚಿ

ಪ್ರತಿ ಫೋನಿಗೂ 15 ಅಂಕಿಯ ಒಂದು ಐಎಂಇಐ ಇರುತ್ತದೆ. ಎರಡು ಸಿಮ್ ಹಾಕುವ ಫೋನಿಗೆ ಎರಡು. ಪೊಲೀಸ್ ದೂರಿಗೂ ಇದೇ ಬೇಕು, ಬ್ಲಾಕ್ ಮಾಡಲೂ ಇದೇ ಬೇಕು. ಸ್ಟೇಷನ್‌ಗೆ ಹೋಗುವ ಮುಂಚೆಯೇ ಇದು ಕೈಯಲ್ಲಿರಲಿ. ಇಲ್ಲದಿದ್ದರೆ ಎರಡು ಸಲ ಓಡಾಟ.

ಎಲ್ಲಿ ಸಿಗುತ್ತದೆ? ಡಬ್ಬದ ಬದಿಯ ಬಿಳಿ ಚೀಟಿಯ ಮೇಲೆ. ಅಂಗಡಿ ಬಿಲ್ಲಿನಲ್ಲಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಹಳೆಯ ಆರ್ಡರ್‌ಗಳ ಇನ್‌ವಾಯ್ಸ್‌ನಲ್ಲಿ. ಇದ್ಯಾವುದೂ ಇಲ್ಲವೇ? ಫೈಂಡ್ ಹಬ್‌ನಲ್ಲಿ ಫೋನಿನ ಹೆಸರಿನ ಪಕ್ಕದ ಗುರುತು ಒತ್ತಿದರೆ ಐಎಂಇಐ ಕಾಣುತ್ತದೆ. ಐಫೋನ್ ಆದರೆ ಆಪಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿದೆ. ಕೊಂಡ ಅಂಗಡಿಯವರ ಕಂಪ್ಯೂಟರ್‌ನಲ್ಲೂ ಹಳೆಯ ಬಿಲ್ ಇರುವುದುಂಟು, ಕೇಳಿ ನೋಡಿ.

ನಮ್ಮ ಚಿಕ್ಕಪ್ಪನ ಫೋನ್ ಹೋದಾಗ ಚಿಕ್ಕಮ್ಮ ಅಟ್ಟದಿಂದ ನಾಲ್ಕು ಡಬ್ಬ ಇಳಿಸಿದರು. ನಾಲ್ಕೂ ಒಂದೇ ಬ್ರ್ಯಾಂಡ್. ಅವಸರದಲ್ಲಿ ಸಿಕ್ಕಿದ ಡಬ್ಬದ ನಂಬರನ್ನು ಬರೆದುಕೊಂಡು ಹೋದರು. ಅದು ಮಗಳು ಆಗ ಬಳಸುತ್ತಿದ್ದ ಫೋನಿನದು! ಫಾರ್ಮ್ ಕಳಿಸುವ ಮುಂಚೆ ಒಮ್ಮೆ ನೋಡೋಣ ಎಂದು ಅವಳ ಫೋನಿನಲ್ಲಿ *#06# (ಒತ್ತಿದರೆ ಆ ಫೋನಿನ ಐಎಂಇಐ ಪರದೆಯ ಮೇಲೆ ಕಾಣುತ್ತದೆ) ಒತ್ತಿದ್ದಕ್ಕೆ ಗೊತ್ತಾಯಿತು. ಇಲ್ಲದಿದ್ದರೆ ಕಳ್ಳನ ಕೈಯಲ್ಲಿದ್ದ ಫೋನ್ ನಡೆಯುತ್ತಿತ್ತು, ಅವಳದು ನಿಲ್ಲುತ್ತಿತ್ತು. ಆದ್ದರಿಂದ ಡಬ್ಬದ ಮೇಲಿನ ಮಾಡೆಲ್, ಬಣ್ಣ, ಸ್ಟೋರೇಜ್ ಮೂರೂ ಹೊಂದುತ್ತವೆಯೇ ನೋಡಿ. ಮನೆಯಲ್ಲಿರುವ ಮಿಕ್ಕ ಫೋನ್‌ಗಳಲ್ಲಿ *#06# ಒತ್ತಿ, ಆ ನಂಬರ್ ಅವುಗಳದಲ್ಲ ಎಂದು ಖಚಿತ ಮಾಡಿಕೊಳ್ಳಿ.

ಇನ್ನೆರಡು ತಪ್ಪು. ಒಂದು, ಸೀರಿಯಲ್ ನಂಬರನ್ನು ಐಎಂಇಐ ಎಂದು ತಿಳಿಯುವುದು. ಇಂಗ್ಲಿಷ್ ಅಕ್ಷರ ಸೇರಿದ್ದರೆ ಅದು ಐಎಂಇಐ ಅಲ್ಲ, ಇದರಲ್ಲಿ ಬರೀ ಅಂಕಿ ಇರುತ್ತದೆ. ಎರಡು, ಒಂದೇ ಐಎಂಇಐ ಕೊಟ್ಟು ಬಿಡುವುದು. ಆಗ ಇನ್ನೊಂದು ಸಿಮ್ ಜಾಗದಲ್ಲಿ ಫೋನ್ ನಡೆಯುತ್ತಲೇ ಇರುತ್ತದೆ.

## ಹಂತ 4: ಪೊಲೀಸ್ ದೂರು – ಕಳೆದದ್ದೋ, ಕದ್ದದ್ದೋ?

ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಿ, ಯಾಕೆಂದರೆ ಎರಡಕ್ಕೂ ದಾರಿ ಬೇರೆ.

ಎಲ್ಲೋ ಬಿದ್ದುಹೋಗಿದೆ, ಮರೆತು ಬಂದಿದ್ದೀರಿ ಎಂದಾದರೆ ಕರ್ನಾಟಕದಲ್ಲಿ ಇ–ಲಾಸ್ಟ್ ದೂರು ಸಾಕು. ಕರ್ನಾಟಕ ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಮನೆಯಲ್ಲೇ ಕುಳಿತು ದಾಖಲಿಸಬಹುದು. ನಂಬರ್ ಇರುವ ಒಂದು ಸ್ವೀಕೃತಿ ಸಿಗುತ್ತದೆ. ಅದನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಮುಂದಿನ ಹಂತಕ್ಕೆ ಅದೇ ದಾಖಲೆ.

ಕದ್ದಿದ್ದಾರೆ, ಕಿತ್ತುಕೊಂಡಿದ್ದಾರೆ ಎಂದಾದರೆ ಇ–ಲಾಸ್ಟ್ ಸಾಲದು. ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ‘ಕಳೆದುಹೋಯಿತು ಅಂತ ಬರೆದುಕೊಡಿ, ಬೇಗ ಆಗುತ್ತೆ’ ಎಂಬ ಮಾತು ಬಂದರೆ ಒಪ್ಪಬೇಡಿ. ವಿಮೆ ಮಾಡಿಸಿದ್ದರೆ ಅವರು ಕೇಳುವುದು ಎಫ್‌ಐಆರ್. ನಾಳೆ ಆ ಫೋನನ್ನು ಯಾವುದಾದರೂ ಅಪರಾಧಕ್ಕೆ ಬಳಸಿದರೆ ನಿಮ್ಮನ್ನು ಕಾಯುವುದೂ ಅದೇ ಕಾಗದ.

ಬಸ್ಸಿನಲ್ಲಿ ಬರುವಾಗ ಹೋದರೆ ಯಾವ ಠಾಣೆ? ಹುಬ್ಬಳ್ಳಿಯಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಜೇಬು ಖಾಲಿ. ದಾವಣಗೆರೆಯಲ್ಲಿ ಹೋಯಿತೋ ತುಮಕೂರಿನಲ್ಲಿ ಹೋಯಿತೋ ಯಾರಿಗೆ ಗೊತ್ತು? ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂಬ ಉತ್ತರ ಕೇಳಿ ಜನ ಸುಮ್ಮನಾಗುವುದು ಇಲ್ಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಜಾಗದಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಠಾಣೆಯಲ್ಲಿ ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿ ಅವರಿಗೆ ಕಳಿಸುವ ಅವಕಾಶವೂ ಅದೇ ಕಲಮಿನಲ್ಲಿದೆ. ಜಗಳ ಬೇಡ, ಮೆತ್ತಗೆ ಹೇಳಿದರೂ ಸಾಕು. ರೈಲಿನಲ್ಲಿ ಹೋಗಿದ್ದರೆ 139ಕ್ಕೆ ಕರೆ ಮಾಡಿ. ರೈಲ್ವೆ ರಕ್ಷಣಾ ಪಡೆಗೂ 2025ರಿಂದ ಸಿಇಐಆರ್ ಬಳಸುವ ವ್ಯವಸ್ಥೆ ಇದೆ.

ದೂರು ಉದ್ದ ಬೇಡ. ಹೀಗಿದ್ದರೆ ಸಾಕು:

‘ದಿನಾಂಕ ___ರಂದು ಸಂಜೆ ಸುಮಾರು ___ ಗಂಟೆಗೆ ___ ಬಸ್ ನಿಲ್ದಾಣದಲ್ಲಿ ಬಸ್ ಹತ್ತುವಾಗ ನನ್ನ ಪ್ಯಾಂಟಿನ ಜೇಬಿನಲ್ಲಿದ್ದ ಮೊಬೈಲ್ ಕಳ್ಳತನವಾಗಿದೆ. ಕಂಪನಿ ___, ಮಾಡೆಲ್ ___, ಬಣ್ಣ ___. ಐಎಂಇಐ 1: ___, ಐಎಂಇಐ 2: ___. ಅದರಲ್ಲಿದ್ದ ಸಿಮ್ ನಂಬರ್‌ಗಳು ___. ಸಿಮ್ ಅನ್ನು ___ ಗಂಟೆಗೆ ನಿಲ್ಲಿಸಿದ್ದೇನೆ. ಫೋನನ್ನು ಪತ್ತೆ ಮಾಡಿಕೊಡಬೇಕು ಮತ್ತು ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಬೇಕು ಎಂದು ಕೋರುತ್ತೇನೆ.’

ಸಿಮ್ ನಿಲ್ಲಿಸಿದ ಸಮಯ ಬರೆಯುವುದನ್ನು ಮರೆಯಬೇಡಿ. ಆ ಸಮಯದ ನಂತರ ನಿಮ್ಮ ನಂಬರಿನಿಂದ ಏನೇ ಆದರೂ ನೀವಲ್ಲ ಎಂದು ತೋರಿಸಲು ಆಧಾರ ಅದೇ. ಪೊಲೀಸರ ಬಳಿಯೂ ಸಿಇಐಆರ್ ಲಾಗಿನ್ ಇರುತ್ತದೆ, ಠಾಣೆಯಿಂದಲೇ ಬ್ಲಾಕ್ ಕೋರಿಕೆ ಹಾಕುವುದುಂಟು. ಹಾಕಿದರೆ ಕೋರಿಕೆಯ ಐಡಿ ಕೇಳಿ ಪಡೆಯಿರಿ. ಆಗ ಆರನೇ ಹಂತ ನಿಮಗೆ ಬೇಕಾಗುವುದಿಲ್ಲ.

ಸ್ವೀಕೃತಿ ಕೈಗೆ ಬಂದ ತಕ್ಷಣ, ಅಲ್ಲೇ ನಿಂತು ಐಎಂಇಐ ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ. ಆಮೇಲೆ ತಿದ್ದಿಸುವುದು ಸುಲಭವಲ್ಲ.

## ಹಂತ 5: ಡೂಪ್ಲಿಕೇಟ್ ಸಿಮ್, ಮತ್ತು ಆ 24 ಗಂಟೆ

ಗುರುತಿನ ಚೀಟಿ ಹಿಡಿದುಕೊಂಡು ಕಂಪನಿಯ ಅಂಗಡಿಗೆ ಹೋಗಿ, ಅದೇ ನಂಬರಿನ ಸಿಮ್ ಪಡೆಯಿರಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು.

ಈಗ ‘ಒಟಿಪಿನೇ ಬರ್ತಿಲ್ಲ’ ಎಂಬ ದೂರಿಗೆ ಬರೋಣ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇದು ನಿಯಮ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಬ್ಯಾಂಕ್ ಒಟಿಪಿ ಕದಿಯಬಾರದು ಎಂದು ಮಾಡಿದ್ದು. ಕರೆ ಬರುತ್ತದೆ, ನೆಟ್ ಬರುತ್ತದೆ, ಎಸ್‌ಎಂಎಸ್ ಮಾತ್ರ ಬರುವುದಿಲ್ಲ. ಇದು ಗೊತ್ತಿಲ್ಲದೆ ಜನ ಹತ್ತು ಸಲ ‘ಮತ್ತೆ ಕಳಿಸಿ’ ಒತ್ತುತ್ತಾರೆ, ಅಂಗಡಿಗೆ ಹೋಗಿ ಸಿಮ್ ಸರಿಯಿಲ್ಲ ಎಂದು ಇನ್ನೊಂದು ತರುತ್ತಾರೆ. ಹೊಸ ಸಿಮ್ ಅಂದರೆ ಮತ್ತೆ ಹೊಸ 24 ಗಂಟೆ! ಸುಮ್ನೆ ಒಂದು ದಿನ ಕಾಯಿರಿ.

ಆ ಒಂದು ದಿನದಲ್ಲಿ ಮಾಡಬಹುದಾದ ಕೆಲಸವೊಂದಿದೆ. ಹೊಸ ಸಿಮ್ ಅನ್ನು ಬೇರೆ ಫೋನಿಗೆ ಹಾಕಿ ವಾಟ್ಸ್ಆ್ಯಪ್ ತೆರೆಯಿರಿ. ಎಸ್‌ಎಂಎಸ್ ಬರುವುದಿಲ್ಲವಾದ್ದರಿಂದ ಕರೆ ಮೂಲಕ ಕೋಡ್ ಪಡೆಯುವ ಆಯ್ಕೆ ಒತ್ತಿ. ನಿಮ್ಮ ಖಾತೆ ಇಲ್ಲಿ ಶುರುವಾದ ತಕ್ಷಣ ಕಳೆದ ಫೋನಿನಲ್ಲಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಹೆಸರಿನಲ್ಲಿ ನೆಂಟರಿಷ್ಟರಿಗೆ ‘ಅರ್ಜೆಂಟ್ ಐದು ಸಾವಿರ ಕಳಿಸಿ’ ಎಂಬ ಮೆಸೇಜ್ ಹೋಗುವುದು ಇದರಿಂದ ತಪ್ಪುತ್ತದೆ.

## ಹಂತ 6: ಸಿಇಐಆರ್‌ನಲ್ಲಿ ಬ್ಲಾಕ್ ಮಾಡುವುದು

ಸಂಚಾರ್ ಸಾಥಿ ಜಾಲತಾಣಕ್ಕೆ ಹೋಗಿ, ಇಲ್ಲವೇ ಅದೇ ಹೆಸರಿನ ಆ್ಯಪ್ ಹಾಕಿಕೊಳ್ಳಿ. ಜಾಲತಾಣದ ವಿಳಾಸ ‘ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಬೇರೆ ರೀತಿ ಮುಗಿದರೆ ಅದು ಸರ್ಕಾರದ್ದಲ್ಲ, ಹೊರಗೆ ಬನ್ನಿ. ಇದಕ್ಕೆ ಶುಲ್ಕವೂ ಇಲ್ಲ. ಯಾರಾದರೂ ‘ಬ್ಲಾಕ್ ಮಾಡಲು ಇಷ್ಟು ಕಟ್ಟಿ’ ಎಂದರೆ ಅದು ಮೋಸ. ಸೈಬರ್ ಸೆಂಟರ್‌ನವರು ಫಾರ್ಮ್ ತುಂಬಿಕೊಟ್ಟಿದ್ದಕ್ಕೆ ತೆಗೆದುಕೊಳ್ಳುವ ದುಡ್ಡು ಬೇರೆ ಮಾತು.

ಫಾರ್ಮ್‌ನಲ್ಲಿ ಮೂರು ಭಾಗ ಇವೆ. ಮೊದಲನೆಯದು ಫೋನಿನ ವಿವರ: ಅದರಲ್ಲಿದ್ದ ಮೊಬೈಲ್ ನಂಬರ್‌ಗಳು, ಎರಡೂ ಐಎಂಇಐ, ಕಂಪನಿ, ಮಾಡೆಲ್, ಬಿಲ್. ಬಿಲ್ ಇದ್ದರೆ ಹಾಕಿ, ಕೆಲಸ ಸಲೀಸು. ಎರಡನೆಯದು ಕಳೆದ ವಿವರ: ಜಾಗ, ದಿನಾಂಕ, ರಾಜ್ಯ, ಜಿಲ್ಲೆ, ಠಾಣೆ, ದೂರಿನ ನಂಬರ್, ದೂರಿನ ಪ್ರತಿ. ಮೂರನೆಯದು ನಿಮ್ಮ ವಿವರ: ಹೆಸರು, ವಿಳಾಸ, ಗುರುತಿನ ಚೀಟಿ, ಒಟಿಪಿ ಬರಬೇಕಾದ ನಂಬರ್.

ಸಿಕ್ಕಿಹಾಕಿಕೊಳ್ಳುವುದು ಸಣ್ಣ ಸಣ್ಣ ಕಡೆ. ಫಾರ್ಮ್‌ನಲ್ಲಿ ಬರೆದ ದಿನಾಂಕ, ಠಾಣೆ, ಐಎಂಇಐ ಮೂರೂ ಪೊಲೀಸ್ ದೂರಿನಲ್ಲಿ ಇದ್ದಂತೆಯೇ ಇರಬೇಕು. ಫೋನ್ ಹೋದದ್ದು ರಾತ್ರಿ ಹನ್ನೊಂದೂವರೆಗೆ, ದೂರು ಕೊಟ್ಟದ್ದು ಮರುದಿನ. ಆಗ ‘ಕಳೆದ ದಿನಾಂಕ’ ಎಂಬಲ್ಲಿ ದೂರು ಕೊಟ್ಟ ದಿನ ಬರೆದವರಿದ್ದಾರೆ. ದೂರಿನ ಫೋಟೊವನ್ನು ನೇರ ಕ್ಯಾಮೆರಾದಿಂದ ತೆಗೆದು ಹಾಕಿದರೆ ಫೈಲ್ ತುಂಬಾ ದೊಡ್ಡದಾಗಿ ಹತ್ತುವುದಿಲ್ಲ. ಸ್ಕ್ಯಾನ್ ಮಾಡಿ, ಗಾತ್ರ ಇಳಿಸಿ ಹಾಕಿ. ಆದರೆ ಅಕ್ಷರ ಓದುವ ಹಾಗಿರಲಿ.

ಕಳಿಸಿದ ಮೇಲೆ ಒಂದು ಕೋರಿಕೆಯ ಐಡಿ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದರೆ ಸಾಲದು, ಹಾಳೆಯಲ್ಲೂ ಬರೆದಿಡಿ. ಮುಂದೆ ಸ್ಥಿತಿ ನೋಡಲು, ಫೋನ್ ಸಿಕ್ಕ ಮೇಲೆ ಅನ್‌ಬ್ಲಾಕ್ ಮಾಡಲು, ಎರಡಕ್ಕೂ ಇದೇ ಕೀಲಿಕೈ. ಕೋರಿಕೆ ಸರಿಯಾಗಿದ್ದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಫೋನ್ ಬ್ಲಾಕ್ ಆಗುತ್ತದೆ. ಮರುದಿನ ಅದೇ ಜಾಲತಾಣದಲ್ಲಿ ಐಡಿ ಹಾಕಿ ನೋಡಿ. ಕಳಿಸಿದ್ದಾಯಿತು ಎಂದು ಮರೆತುಬಿಡಬೇಡಿ.

## ಹಂತ 7: ಕಾಯುವಾಗ ಏನು ನಡೆಯುತ್ತದೆ, ಯಾರು ಮೋಸ ಮಾಡುತ್ತಾರೆ

ಬ್ಲಾಕ್ ಆದ ಫೋನ್ ಇಟ್ಟಿಗೆಯಾಗುವುದಿಲ್ಲ. ವೈಫೈನಲ್ಲಿ ಅದು ಇನ್ನೂ ನಡೆಯುತ್ತದೆ. ನಿಲ್ಲುವುದು ಸಿಮ್ ನೆಟ್‌ವರ್ಕ್ ಮಾತ್ರ. ದೇಶದ ಗಡಿ ದಾಟಿ ಹೋದ ಫೋನನ್ನೂ ನಮ್ಮ ಪಟ್ಟಿ ತಡೆಯುವುದಿಲ್ಲ. ಬಿಚ್ಚಿ ಬಿಡಿಭಾಗ ಮಾಡಿ ಮಾರಿದರೆ ಪತ್ತೆ ಆಗುವುದು ಅನುಮಾನ. ಇಷ್ಟನ್ನು ಒಪ್ಪಿಕೊಂಡೇ ಕಾಯಬೇಕು.

ಪತ್ತೆ ಆಗುವುದು ಹೀಗೆ: ಯಾರೋ ಆ ಫೋನಿಗೆ ಸಿಮ್ ಹಾಕುತ್ತಾರೆ. ನೆಟ್‌ವರ್ಕಿಗೆ ಐಎಂಇಐ ಮತ್ತು ಸಿಮ್ ಎರಡೂ ಒಟ್ಟಿಗೆ ಕಾಣುತ್ತವೆ. ಯಾವ ನಂಬರಿನ ಸಿಮ್ ಎಂಬ ವರದಿ ನಿಮ್ಮ ಠಾಣೆಗೆ ಹೋಗುತ್ತದೆ, ನಿಮಗೂ ಸಂದೇಶ ಬರುತ್ತದೆ. ಸಿಮ್ ಹಾಕಿದವನೇ ಕಳ್ಳ ಎಂದು ಹೇಳಲಾಗದು, ಕಡಿಮೆ ಬೆಲೆಗೆ ಸಿಕ್ಕಿತೆಂದು ಸೆಕೆಂಡ್ ಹ್ಯಾಂಡ್ ಕೊಂಡವನೂ ಇರಬಹುದು. ಮುಂದಿನದು ಪೊಲೀಸರ ಕೆಲಸ. ಸಂದೇಶ ಬಂದರೆ ಕೋರಿಕೆಯ ಐಡಿ ಹಿಡಿದು ಠಾಣೆಗೆ ಹೋಗಿ ನೆನಪಿಸಿ. ನೀವೇ ಆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಬೇಡಿ.

ಈ ಕಾಯುವ ದಿನಗಳಲ್ಲಿ ಮೂರು ಬಗೆಯ ಬಲೆ ಬೀಳುತ್ತದೆ.

ಒಂದು, ‘ನಿಮ್ಮ ಐಫೋನ್ ಸಿಕ್ಕಿದೆ, ಲೊಕೇಶನ್ ನೋಡಲು ಇಲ್ಲಿ ಒತ್ತಿ’ ಎಂಬ ಸಂದೇಶ. ಲಾಸ್ಟ್ ಮೋಡ್‌ನಲ್ಲಿ ನೀವು ಕೊಟ್ಟ ನಂಬರ್‌ಗೇ ಅದು ಬರುತ್ತದೆ. ಒತ್ತಿದರೆ ಆಪಲ್ ಪುಟದ ಹಾಗೇ ಕಾಣುವ ಪುಟ, ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಲಾಕ್ ತೆಗೆಯುತ್ತಾರೆ. ಲಿಂಕ್ ಒತ್ತಬೇಡಿ, ಫೈಂಡ್ ಮೈ ಅನ್ನು ನೀವೇ ತೆರೆದು ನೋಡಿ.

ಎರಡು, ‘ಐಎಂಇಐ ಹಾಕಿ, ಲೈವ್ ಲೊಕೇಶನ್ ನೋಡಿ’ ಎನ್ನುವ ಆ್ಯಪ್ ಮತ್ತು ವಿಡಿಯೊಗಳು. ಐಎಂಇಐ ಹಿಡಿದು ಜಾಗ ಹುಡುಕುವುದು ಖಾಸಗಿ ಆ್ಯಪ್‌ಗಳ ಕೈಲಿ ಆಗುವ ಕೆಲಸವಲ್ಲ.

ಮೂರು, ‘ಸ್ಟೇಷನ್‌ನಿಂದ ಮಾತಾಡ್ತಿದ್ದೀವಿ, ಫೋನ್ ಸಿಕ್ಕಿದೆ, ಕೊರಿಯರ್ ಚಾರ್ಜ್ ಕಳಿಸಿ’ ಎಂಬ ಕರೆ. ಕರೆ ಕತ್ತರಿಸಿ, ದೂರಿನ ಪ್ರತಿಯಲ್ಲಿರುವ ಠಾಣೆಗೆ ನೀವೇ ಕರೆ ಮಾಡಿ ಕೇಳಿ.

ಬೇಸತ್ತು ಅಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುತ್ತಿದ್ದೀರಾ? ಅಂಗಡಿಯಲ್ಲೇ ನಿಂತು *#06# ಒತ್ತಿ ಐಎಂಇಐ ನೋಡಿ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಪ್ಪುಪಟ್ಟಿಯಲ್ಲಿದೆ, ನಕಲಿ ಅಥವಾ ಬೇರೆ ಕಡೆ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ವಾಪಸ್ ಇಟ್ಟು ಬನ್ನಿ. ಬಿಲ್ ಕೊಡದ ಅಂಗಡಿಯಲ್ಲಂತೂ ಕೊಳ್ಳಲೇಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

## ಹಂತ 8: ಫೋನ್ ಸಿಕ್ಕ ಮೇಲೆ ಅನ್‌ಬ್ಲಾಕ್

ಪರಿಚಯದವರೊಬ್ಬರಿಗೆ ಫೋನ್ ವಾಪಸ್ ಸಿಕ್ಕಿತು. ಸಿಮ್ ಹಾಕಿದರೆ ನೆಟ್‌ವರ್ಕ್ ಇಲ್ಲ. ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರು, ದುಡ್ಡು ಕೊಟ್ಟು ಯಾವುದೋ ಭಾಗ ಬದಲಿಸಿದರು. ಆಗಲೂ ಇಲ್ಲ. ಫೋನ್ ಕೆಟ್ಟಿರಲಿಲ್ಲ, ಅವರೇ ಹಾಕಿಸಿದ ಬ್ಲಾಕ್ ಇನ್ನೂ ಕೂತಿತ್ತು.

ಸಂಚಾರ್ ಸಾಥಿಯಲ್ಲಿ ಸಿಕ್ಕ ಫೋನ್ ಅನ್‌ಬ್ಲಾಕ್ ಮಾಡುವ ಆಯ್ಕೆಗೆ ಹೋಗಿ, ಕೋರಿಕೆಯ ಐಡಿ, ಮೊಬೈಲ್ ನಂಬರ್, ಕಾರಣ ಕೊಡಿ. ಒಟಿಪಿ ಹಾಕಿ ಕಳಿಸಿ. ಫೋನ್ ನಿಮ್ಮ ಕೈಗೆ ಬಂದ ಮೇಲೆಯೇ ಇದನ್ನು ಮಾಡಿ. ‘ಸಿಕ್ಕಿದೆ, ಮೊದಲು ಅನ್‌ಬ್ಲಾಕ್ ಮಾಡಿ, ಆಮೇಲೆ ಕಳಿಸ್ತೀನಿ’ ಎಂದು ಯಾರೇ ಹೇಳಿದರೂ ಬೇಡ. ಸೋಫಾದ ಸಂದಿಯಲ್ಲೇ ಸಿಕ್ಕಿದ್ದರೆ ಠಾಣೆಗೂ ತಿಳಿಸಿ, ಇಲ್ಲದಿದ್ದರೆ ಅವರು ನಿಮ್ಮದೇ ಫೋನನ್ನು ಹುಡುಕುತ್ತಾ ನಿಮಗೇ ಕರೆ ಮಾಡುತ್ತಾರೆ.

ಬೇರೆಯವರ ಕೈಯಲ್ಲಿ ಇದ್ದು ಬಂದ ಫೋನನ್ನು ಹಾಗೇ ಬಳಸಬೇಡಿ. ಫೋಟೊಗಳು ಉಳಿದಿದ್ದರೆ ನಕಲು ಮಾಡಿಕೊಂಡು, ಒಮ್ಮೆ ಪೂರ್ತಿ ರೀಸೆಟ್ ಮಾಡಿ, ಆಮೇಲೆ ಬ್ಯಾಂಕ್ ಆ್ಯಪ್ ಹಾಕಿ.

## ಫೋನ್ ಇನ್ನೂ ಕೈಯಲ್ಲಿರುವವರಿಗೆ: ಹತ್ತು ನಿಮಿಷದ ಕೆಲಸ

*#06# ಒತ್ತಿ ಬಂದದ್ದನ್ನು ಕಾಗದದ ಮೇಲೆ ಬರೆಯಿರಿ. ಅದನ್ನು ಅದೇ ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಏನು ಪ್ರಯೋಜನ? ಗೂಗಲ್ ಖಾತೆಯ ಬ್ಯಾಕಪ್ ಕೋಡ್ ಹತ್ತು ಸಿಗುತ್ತವೆ, ಅವನ್ನೂ ಬರೆದಿಡಿ. ಆಂಡ್ರಾಯ್ಡ್ ಸೆಟ್ಟಿಂಗ್‌ನಲ್ಲಿ ಕಳ್ಳತನ ರಕ್ಷಣೆ ಎಂಬ ಭಾಗದಲ್ಲಿ ರಿಮೋಟ್ ಲಾಕ್ ಚಾಲೂ ಮಾಡಿ. ಆಗ ಪಾಸ್‌ವರ್ಡ್ ನೆನಪಿಲ್ಲದಿದ್ದರೂ ಬರೀ ಫೋನ್ ನಂಬರ್ ಹಾಕಿ ಲಾಕ್ ಮಾಡಬಹುದು.

ಸಿಮ್‌ಗೂ ಪಿನ್ ಹಾಕಿ, ಅದನ್ನು ಬೇರೆ ಫೋನಿಗೆ ಹಾಕಿದರೂ ನಡೆಯುವುದಿಲ್ಲ. ಆದರೆ ಒಂದು ಎಚ್ಚರ: ಮೊದಲ ಪಿನ್ ಕಂಪನಿಯದೇ ಇರುತ್ತದೆ, ಅದನ್ನು ಕೇಳಿ ತಿಳಿದೇ ಬದಲಿಸಿ. ಊಹೆ ಮಾಡಿ ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ ಕೋಡ್ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಪೂರ್ತಿ ಸತ್ತಂತೆ.

ಕವರ್ ಹಿಂದಿನ ಎಟಿಎಂ ಕಾರ್ಡ್ ಈಗಲೇ ತೆಗೆಯಿರಿ. ಐಎಂಇಐ ಬರೆದ ಹಾಳೆಯನ್ನು ಗ್ಯಾಸ್ ಪುಸ್ತಕದೊಳಗೆ ಇಡಿ. ನಮ್ಮ ಮನೆಯಲ್ಲಿ ಈಗ ಐದೂ ಫೋನಿನ ನಂಬರ್ ಅಲ್ಲೇ ಇದೆ, ಚಿಕ್ಕಮ್ಮನ ಕೈಬರಹದಲ್ಲಿ, ಯಾರ ಫೋನ್ ಯಾವುದು ಎಂದು ಹೆಸರಿನ ಸಮೇತ.